ಚುಕ್ಕಿಯ ನುಸಿ, ಕಾಕಾನ ಎಣ್ಣಿ ಬಾಟಲಿ

ಕಳೆದ ವರ್ಷ ಶ್ರಾವಣದ ಹೊತ್ತಿಗೆ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಹುಬ್ಬಳ್ಳಿಯ ಹಾಸ್ಟೆಲ್‌ನಿಂದ ಊರಿಗೆ ಬಂದಿದ್ದೆ. ಕುಂದಗೋಳ ತಾಲ್ಲೂಕಿನ ಸಣ್ಣ ಹಳ್ಳಿ ನಮ್ಮದು. ಬ್ಯಾಗು ಕೆಳಗಿಡುವ ಮೊದಲೇ ಆಯಿ ಹಿತ್ತಲಿಗೆ ಕರೆದಳು. ‘ನೀ ಎಂಜಿನಿಯರಿಂಗ್ ಓದಾಕತ್ತಿಯಲ್ಲ, ಈ ಕೋಳಿಗೆ ಏನಾಗೈತಿ ಹೇಳು ನೋಡೋಣು’ ಅಂದಳು.

ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್. ಕೋಳಿಯ ವಿಷಯ ಯಾವ ಸೆಮಿಸ್ಟರ್‌ನಲ್ಲೂ ಬರುವುದಿಲ್ಲ ಅಂತ ಆಯಿಗೆ ಹೇಳಿ ಪ್ರಯೋಜನವಿಲ್ಲ. ಸುಮ್ಮನೆ ಬಾಗಿ ನೋಡಿದೆ.

ಚುಕ್ಕಿ ನಮ್ಮ ಮನೆಯ ಜವಾರಿ ಕೋಳಿ. ಕರಿ ಮೈ, ಕುತ್ತಿಗೆಯ ಸುತ್ತ ಬಿಳಿ ಚುಕ್ಕಿ. ಹೆಸರಿಟ್ಟವಳು ನಾನೇ. ನಾನು ಬಂದರೆ ಬಾಗಿಲವರೆಗೂ ಓಡಿ ಬರುತ್ತಿದ್ದವಳು ಅಂದು ಕಣ್ಣು ಅರ್ಧ ಮುಚ್ಚಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಕೆಂಪಗಿರಬೇಕಾದ ಜುಟ್ಟು ಬಿಳಚಿತ್ತು. ಕೊಕ್ಕಿನಿಂದ ಪದೇ ಪದೇ ರೆಕ್ಕೆ ಕೆದರಿಕೊಳ್ಳುತ್ತಿದ್ದಳು. ಹನ್ನೊಂದು ತತ್ತಿಯ ಮೇಲೆ ಕಾವಿಗೆ ಕೂತವಳು ನಾಲ್ಕು ದಿನದಿಂದ ರಾತ್ರಿಯಾದರೆ ಬುಟ್ಟಿ ಬಿಟ್ಟು ಹೊರಗೆ ಬಂದು ನಿಲ್ಲುತ್ತಿದ್ದಾಳೆ ಅಂತ ಆಯಿ ಹೇಳಿದಳು. ಎರಡು ತಿಂಗಳ ಹಿಂದೆ ಇನ್ನೊಂದು ಕೋಳಿ ಹೀಗೇ ಸೊರಗಿ ಸತ್ತಿತ್ತು. ಕೊಕ್ಕರೆ ರೋಗ ಇರಬೇಕು ಅಂತ ಎಲ್ಲರೂ ಸುಮ್ಮನಾಗಿದ್ದರು.

ಒಂದು ಕೋಳಿಗೆ ಇಷ್ಟು ಚಿಂತೆ ಯಾಕೆ ಅನ್ನಬಹುದು. ನಮ್ಮ ಮನೆಯಲ್ಲಿ ತತ್ತಿಯ ದುಡ್ಡು ಆಯಿಯದು. ದೇವರ ಕೋಣೆಯ ಮೂಲೆಯ ಡಬ್ಬಿಗೆ ಬೀಳುವ ಆ ದುಡ್ಡಿಗೆ ಅಪ್ಪನೂ ಕೈ ಹಾಕುವುದಿಲ್ಲ. ಮೊದಲ ಸೆಮಿಸ್ಟರ್‌ಗೆ ನನಗೆ ಕ್ಯಾಲ್ಕ್ಯುಲೇಟರ್ ಬಂದದ್ದು ಆ ಡಬ್ಬಿಯಿಂದ. ಇಂದಿಗೂ ಪರೀಕ್ಷೆಗೆ ಒಯ್ಯುವುದು ಅದನ್ನೇ.

ನುಸಿ ಅಂದ್ರ ನುಸೀನ?

ರೆಕ್ಕೆಯ ಬುಡ ಸರಿಸಿದಾಗ ಸಾಸಿವೆಗಿಂತ ಸಣ್ಣದೇನೋ ಒಂದೆರಡು ಹರಿದಾಡಿದಂತೆ ಕಂಡಿತು. ‘ನುಸಿ ಬಿದ್ದಾವ’ ಅಂದಳು ಆಯಿ. ಅಷ್ಟರಲ್ಲಿ ಹೊಲದಿಂದ ಬಂದ ಕಾಕಾ ದಾರಿ ತೋರಿಸಿಯೇ ಬಿಟ್ಟ. ‘ಇದಕ್ಕ ದವಾಖಾನಿ ಯಾಕ? ಮೆಣಸಿನಕಾಯಿಗೆ ಹೊಡಿಯೋ ಎಣ್ಣಿ ಐತಿ. ಒಂದ್ ಮುಚ್ಚಳ ನೀರಾಗ ಹಾಕಿ ಮೈಗೆ ಹೊಡದ್ರ ಮುಗೀತು. ನುಸಿ ಅಂದ್ರ ನುಸೀನ.’

ನಮ್ಮ ಕಡೆ ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ಎಣ್ಣಿ ಅನ್ನುತ್ತಾರೆ. ಕಾಕಾನ ಮಾತನ್ನು ತೆಗೆದುಹಾಕುವುದೂ ಸುಲಭವಿರಲಿಲ್ಲ. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವರಿಗೆ ನುಸಿಯ ಪರಿಚಯ ಚೆನ್ನಾಗಿಯೇ ಇರುತ್ತದೆ. ಎಲೆ ಮುದುಡಿಸುವ ಮುಟುರು ರೋಗಕ್ಕೆ ಅದೂ ಒಂದು ಕಾರಣ. ಕಾಕಾ ಬಾಟಲಿ ತಂದು ಕಟ್ಟೆಯ ಮೇಲೆ ಇಟ್ಟ. ಸಂಜೆಯೊಳಗೆ ಚುಕ್ಕಿಗೆ ಆರಾಮ ಸಿಗುವುದಾದರೆ ಹೊಡೆದೇಬಿಡೋಣ ಅಂತ ನನಗೂ ಅನ್ನಿಸಿತ್ತು. ಮುಚ್ಚಳ ತಿರುಗಿಸುವ ಮೊದಲು ಲೇಬಲ್ ಓದಿದೆ. ಅದರಲ್ಲಿದ್ದ ಹೆಸರು ಫಿಪ್ರೋನಿಲ್. ಕಾಕಾ ಅದನ್ನು ತಂದದ್ದು ಥ್ರಿಪ್ಸ್‌ಗೆ.

ಗಿಡದ ವಿಷಯದಲ್ಲೇ ನಾವು ಎರಡು ಬೇರೆ ಜೀವಿಗಳನ್ನು ಒಂದೇ ಹೆಸರಿನಿಂದ ಕರೆಯುತ್ತೇವೆ. ಥ್ರಿಪ್ಸ್ ನುಸಿ ಆರು ಕಾಲಿನ ಕೀಟ, ಎಲೆಯನ್ನು ಮೇಲಕ್ಕೆ ಮುದುಡಿಸುತ್ತದೆ. ಮೈಟ್ ನುಸಿ ಜೇಡದ ಬಳಗದ್ದು, ಎಂಟು ಕಾಲು, ಎಲೆಯನ್ನು ಕೆಳಕ್ಕೆ ಮುದುಡಿಸುತ್ತದೆ. ಕೋಳಿಯ ನುಸಿಯೂ ಈ ಎಂಟು ಕಾಲಿನ ಗುಂಪಿನದೇ, ಆದರೆ ಇದು ಹೀರುವುದು ಎಲೆಯ ರಸವನ್ನಲ್ಲ, ರಕ್ತವನ್ನು. ಹೆಸರು ಒಂದೇ ಅಂದಮಾತ್ರಕ್ಕೆ ಔಷಧ ಒಂದೇ ಆಗುವುದಿಲ್ಲ.

ಫೋನಿನಲ್ಲಿ ಆ ಔಷಧದ ಹೆಸರು ಹುಡುಕಿದಾಗ ಸಿಕ್ಕ ಸುದ್ದಿ ಓದಿ ಬಾಟಲಿಯನ್ನು ಕಟ್ಟೆಯಿಂದ ಎತ್ತಿ ದೂರ ಇಟ್ಟೆ. 2017ರಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ಕೋಳಿಫಾರ್ಮ್‌ಗಳಲ್ಲಿ ಕೆಂಪು ನುಸಿ ಕೊಲ್ಲಲು ಸಿಂಪಡಿಸಿದ ದ್ರಾವಣದಲ್ಲಿ ಇದೇ ಫಿಪ್ರೋನಿಲ್ ಬೆರೆತಿತ್ತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಬಳಸಲು ಅಲ್ಲಿ ಅನುಮತಿ ಇಲ್ಲ. ವಿಷದ ಅಂಶ ಮೊಟ್ಟೆಯೊಳಗೆ ಸೇರಿತ್ತು. ಯುರೋಪಿನ ಹಲವು ದೇಶಗಳ ಅಂಗಡಿಗಳಿಂದ ಲಕ್ಷಗಟ್ಟಲೆ ಮೊಟ್ಟೆ ವಾಪಸ್ ತರಿಸಿ ನಾಶ ಮಾಡಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ ಈ ರಾಸಾಯನಿಕವನ್ನು ಮಧ್ಯಮ ಅಪಾಯದ ಗುಂಪಿಗೆ ಸೇರಿಸಿದೆ. ಹೆಚ್ಚು ಪ್ರಮಾಣದಲ್ಲಿ ದೇಹ ಸೇರಿದರೆ ಯಕೃತ್ತು, ಮೂತ್ರಪಿಂಡ, ಥೈರಾಯ್ಡ್‌ಗೆ ತೊಂದರೆ.

ಇದನ್ನು ಓದಿ ಹೇಳಿದೆ. ‘ನಮ್ಮ ಮನಿ ತತ್ತಿ ತಿನ್ನಾಕಿ ಯಾರು ಕಾಕಾ? ನಿನ್ನ ಮಗಳ ಅಲ್ಲೇನು?’ ಕಾಕಾನ ಮಗಳಿಗೆ ಆಗ ನಾಲ್ಕು ವರ್ಷ. ದಿನಾ ಬೆಳಿಗ್ಗೆ ಅವಳಿಗೊಂದು ಕುದಿಸಿದ ತತ್ತಿ ಬೇಕೇ ಬೇಕು. ಕಾಕಾ ಮಾತಾಡದೆ ಬಾಟಲಿ ಒಯ್ದು ಮಾಡದಲ್ಲಿ ಎತ್ತಿಟ್ಟ.

ಹಗಲು ಕಾಣದ್ದು ರಾತ್ರಿ ಕಂಡಿತು

ಬೇಡ ಅನ್ನುವುದು ಸುಲಭ. ಬದಲಿಗೆ ಏನು ಮಾಡಬೇಕು ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಆಯಿಯ ಮಾತಿನಂತೆ ಬೇವಿನ ಎಲೆ ಕುದಿಸಿದ ನೀರನ್ನು ಆರಿಸಿ ಮೈಗೆ ಸವರಿದೆವು, ಒಣಗಿದ ಮೇಲೆ ಸೋಸಿದ ಬೂದಿ ಹಚ್ಚಿದೆವು. ಎರಡು ದಿನ ಚುಕ್ಕಿ ಸ್ವಲ್ಪ ಗೆಲುವಾದಳು. ಮೂರನೇ ದಿನ ಮತ್ತೆ ಅದೇ ಕಥೆ. ತತ್ತಿಗಳು ತಣ್ಣಗಾಗಿದ್ದವು. ಹನ್ನೊಂದರಲ್ಲಿ ಒಂದೂ ಉಳಿಯಲಿಲ್ಲ. ‘ಸಂತಿಗೆ ಒಯ್ದು ಮಾರಿಬಿಡು, ಕಣ್ಣ ಮುಂದ ಸಾಯೋದು ಬ್ಯಾಡ’ ಅಂತ ಆಯಿ ಅಪ್ಪನಿಗೆ ಹೇಳಿದ್ದು ನನಗೆ ಕೇಳಿಸಿತು.

ಲ್ಯಾಬ್‌ನಲ್ಲಿ ಸರ್ಕ್ಯೂಟ್ ಕೆಲಸ ಮಾಡದಿದ್ದರೆ ನಮಗೆ ಹೇಳಿಕೊಡುವ ಮೊದಲ ಪಾಠ, ಬಿಡಿಭಾಗ ಬದಲಿಸುವ ಮುನ್ನ ದೋಷ ಎಲ್ಲಿದೆ ಅಂತ ಅಳೆದು ನೋಡಿ ಎಂಬುದು. ನಾನು ಅಳೆಯದೇ ಔಷಧ ಹಚ್ಚಿದ್ದೆ. ಆ ರಾತ್ರಿ ಕೂತು ಓದಿದೆ. ಕೋಳಿಯ ಮೈಗೆ ಬೀಳುವ ಜೀವಿಗಳಲ್ಲಿ ಮುಖ್ಯವಾದವು ನಾಲ್ಕು ಬಗೆ. ಹೇನು ಹಳದಿ ಬಣ್ಣದ್ದು, ಮೈಮೇಲೇ ಬದುಕುತ್ತದೆ, ರೆಕ್ಕೆಯ ಬುಡಕ್ಕೆ ಮೊಟ್ಟೆ ಅಂಟಿಸುತ್ತದೆ. ಇನ್ನೊಂದು ಜಾತಿಯ ನುಸಿಯೂ ಮೈಮೇಲೇ ಇದ್ದು, ಬಾಲದ ಕೆಳಗಿನ ಗರಿಗಳನ್ನು ಕಪ್ಪಾಗಿಸುತ್ತದೆ. ಕಾಲಿನ ನುಸಿ ಹುರುಪೆಯೊಳಗೆ ಕೊರೆದು ಕೂರುವುದರಿಂದ ಕಾಲು ಒರಟಾಗಿ ದಪ್ಪಗಾಗುತ್ತದೆ. ನಾಲ್ಕನೆಯದೇ ಕೆಂಪು ನುಸಿ. ಇದು ಕೋಳಿಯ ಮೇಲೆ ವಾಸಿಸುವುದೇ ಇಲ್ಲ. ಹಗಲೆಲ್ಲ ಗೂಡಿನ ಸಂದುಗಳಲ್ಲಿ ಅಡಗಿ, ಕತ್ತಲಾದ ಮೇಲೆ ಬಂದು ರಕ್ತ ಹೀರಿ ಮರಳುತ್ತದೆ. ಹಸಿದಾಗ ಬೂದು ಬಣ್ಣ, ಹೀರಿದ ಮೇಲೆ ಕೆಂಪು. ತಿಂಗಳುಗಟ್ಟಲೆ ಆಹಾರವಿಲ್ಲದೆಯೂ ಬದುಕಬಲ್ಲದು.

ರಾತ್ರಿ ಹನ್ನೊಂದಕ್ಕೆ ಫೋನಿನ ಟಾರ್ಚ್ ಹಿಡಿದು ಹಿತ್ತಲಿಗೆ ಹೋದೆ. ಅವ್ವ ಬಿಳಿ ಬಟ್ಟೆ ಹಿಡಿದು ಹಿಂದೆ ಬಂದಳು. ಬಿದಿರಿನ ಬುಟ್ಟಿಯ ಹೆಣಿಕೆಗೆ ಬೆಳಕು ಬಿಟ್ಟರೆ ಸಂದು ಸಂದಿನಲ್ಲಿ ಕೆಂಪು ಚುಕ್ಕೆಗಳು ಹರಿಯುತ್ತಿದ್ದವು. ಬಟ್ಟೆ ಒತ್ತಿ ತೆಗೆದಾಗ ಅದರ ಮೇಲೆ ರಕ್ತದ ಗೆರೆಗಳು. ಅದು ಚುಕ್ಕಿಯ ರಕ್ತ. ‘ಅಯ್ಯ ಶಿವನೇ, ಇಷ್ಟು ದಿನ ಇದರಾಗ ಕೂಡಿಸಿದ್ವಲ್ಲ’ ಅಂದಳು ಅವ್ವ. ಚುಕ್ಕಿ ಬುಟ್ಟಿ ಬಿಟ್ಟು ಹೊರಗೆ ನಿಲ್ಲುತ್ತಿದ್ದದ್ದು ಯಾಕೆ ಅಂತ ಆಗ ತಿಳಿಯಿತು. ನಾವು ಮಾತ್ರ ದಿನಾ ಸಂಜೆ ಅವಳನ್ನು ಹಿಡಿದು ಮತ್ತೆ ಅದರೊಳಗೇ ಕೂರಿಸುತ್ತಿದ್ದೆವು.

ಗೂಡಿಗೇ ಚಿಕಿತ್ಸೆ

ಮರುದಿನ ಬೆಳಿಗ್ಗೆ ಅಪ್ಪ ಮತ್ತು ನಾನು ಚುಕ್ಕಿಯನ್ನು ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ಬೈಕಿನಲ್ಲಿ ಪಶು ಆಸ್ಪತ್ರೆಗೆ ಹೋದೆವು. ಫೋನಿನಲ್ಲಿ ತೆಗೆದ ಚಿತ್ರ ಮತ್ತು ಬಟ್ಟೆ ತೋರಿಸಿದೆ. ವೈದ್ಯರು ಜುಟ್ಟು, ಕಣ್ಣಿನ ಒಳಭಾಗ ನೋಡಿ ರಕ್ತ ಕಡಿಮೆಯಾಗಿದೆ ಅಂದರು. ತೂಕ ಹಾಕಿಸಿ, ಅದಕ್ಕೆ ತಕ್ಕಂತೆ ಔಷಧ ಕೊಟ್ಟರು. ಅದರ ಹೆಸರು, ಪ್ರಮಾಣವನ್ನು ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ. ಒಂದು ಕೆ.ಜಿ. ತೂಗುವ ಜೀವಕ್ಕೆ ಒಂದೆರಡು ಹನಿ ಹೆಚ್ಚಾದರೂ ಅಪಾಯ. ಎಷ್ಟು ದಿನ ತತ್ತಿ ತಿನ್ನಬಾರದು ಅನ್ನುವುದನ್ನೂ ಅವರೇ ಚೀಟಿಯಲ್ಲಿ ಬರೆದುಕೊಟ್ಟರು. ‘ಔಷಧಿ ಕಾಲು ಭಾಗ, ಗೂಡು ಮುಕ್ಕಾಲು ಭಾಗ’ ಅಂದರು.

ಆ ಮುಕ್ಕಾಲು ಭಾಗ ನಮ್ಮ ಕೈಯಲ್ಲಿತ್ತು. ಹಳೆಯ ಬುಟ್ಟಿ, ಅದರೊಳಗಿನ ಹುಲ್ಲು, ಗೋಣಿಚೀಲ ಎಲ್ಲವನ್ನೂ ಹೊರಗೆ ಒಯ್ದು ಸುಟ್ಟೆವು. ಮರದ ಗೂಡನ್ನು ಖಾಲಿ ಮಾಡಿ ಪ್ರತಿ ಸಂದಿಗೂ ಕುದಿಯುವ ನೀರು ಸುರಿದು ದಿನವಿಡೀ ಬಿಸಿಲಿಗಿಟ್ಟೆವು. ಒಣಗಿದ ಮೇಲೆ ಬಿರುಕು ಮುಚ್ಚುವಂತೆ ಸುಣ್ಣ ಬಳಿದೆವು. ಸುಣ್ಣ ಪೂರ್ತಿ ಒಣಗುವವರೆಗೂ ಚುಕ್ಕಿಗೆ ಹೊಸ ರಟ್ಟಿನ ಡಬ್ಬಿಯೇ ಮನೆ. ಮೂರು ದಿನಕ್ಕೊಮ್ಮೆ ಅದನ್ನೂ ಸುಟ್ಟು ಹೊಸದು ಇಡುತ್ತಿದ್ದೆವು.

ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ ಇದು. ಬೆಚ್ಚಗಿನ ವಾತಾವರಣದಲ್ಲಿ ಮೊಟ್ಟೆಯಿಂದ ಹೊರಬಂದ ನುಸಿ ಸುಮಾರು ಒಂದು ವಾರದಲ್ಲಿ ತಾನೇ ಮೊಟ್ಟೆ ಇಡುವಷ್ಟು ಬೆಳೆಯುತ್ತದೆ. ಸಂದಿನೊಳಗೆ ನಾಲ್ಕು ಮೊಟ್ಟೆ ಉಳಿದರೂ ತಿಂಗಳಲ್ಲಿ ಮತ್ತೆ ಮೊದಲಿನಷ್ಟೇ. ಅದಕ್ಕೆ ಐದು ದಿನಕ್ಕೊಮ್ಮೆ ಬಿಸಿನೀರು ಅಂತ ಫೋನಿನಲ್ಲಿ ಅಲಾರಂ ಇಟ್ಟೆ. ಪ್ರತಿ ಸಲ ಅದಕ್ಕೂ ಹಿಂದಿನ ರಾತ್ರಿ ಬಿಳಿ ಬಟ್ಟೆಯನ್ನು ಒಂದೇ ಜಾಗಕ್ಕೆ ಒತ್ತಿ ಎಣಿಸಿ, ಕ್ಯಾಲೆಂಡರಿನ ಹಿಂದೆ ಬರೆಯುತ್ತಿದ್ದೆ. ಮೊದಲ ರಾತ್ರಿ ಎಣಿಸಲಾಗದಷ್ಟು. ಆಮೇಲೆ ಮೂವತ್ತೆಂಟು, ನಂತರ ಒಂಬತ್ತು. ಇಪ್ಪತ್ತನೇ ದಿನ ಬಟ್ಟೆ ಬಿಳಿಯಾಗಿಯೇ ಉಳಿಯಿತು.

ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ನನ್ನ ಚಿಕ್ಕಂದಿನಲ್ಲಿ ಮನೆಯಲ್ಲಿ ಹತ್ತು ಹದಿನೈದು ಕೋಳಿ ಇದ್ದವು, ಆಗ ಇಂಥ ಕಾಟ ಇರಲಿಲ್ಲ. ಈಗ ಯಾಕೆ? ಉತ್ತರ ಆಯಿಯೇ ಕೊಟ್ಟಳು. ‘ಆಗ ಹಿತ್ತಲಾಗ ಮಣ್ಣಿತ್ತು, ಒಲಿ ಬೂದಿ ಇತ್ತು. ಕೋಳಿ ಅದರಾಗ ಬಿದ್ದು ಹೊರಳಾಡ್ತಿದ್ದುವು.’ ಹಿಂದಿನ ವರ್ಷವಷ್ಟೇ ನಾವು ಹಿತ್ತಲಿಗೆ ಸಿಮೆಂಟ್ ಹಾಕಿಸಿದ್ದೆವು. ಗ್ಯಾಸ್ ಬಂದ ಮೇಲೆ ಒಲೆ ಹೊತ್ತುವುದು ನೀರು ಕಾಯಿಸಲು ಮಾತ್ರ. ಬೂದಿ ನೇರ ತಿಪ್ಪೆಗೆ ಹೋಗುತ್ತಿತ್ತು. ಕೋಳಿ ಧೂಳಿನಲ್ಲಿ ಹೊರಳುವುದು ಅದರ ಸ್ನಾನ. ನುಣುಪು ಧೂಳು ಜೀವಿಗಳ ಮೇಲಿನ ಮೇಣದಂಥ ಪದರವನ್ನು ಕೆಡಿಸಿ ಅವನ್ನು ಒಣಗಿಸುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಂಶೋಧಕರು ಕೋಳಿಗಳಿಗೆ ಗಂಧಕ, ಜೇಡಿಯ ಪುಡಿ ತುಂಬಿದ ಪೆಟ್ಟಿಗೆ ಇಟ್ಟು ನೋಡಿದಾಗ, ಅದರಲ್ಲಿ ಹೊರಳಿದ ಕೋಳಿಗಳ ಮೈಮೇಲಿನ ನುಸಿ, ಹೇನು ಬಹಳ ಕಡಿಮೆಯಾಗಿದ್ದವು. ಗೂಡಿನಲ್ಲಿ ಅಡಗುವ ಕೆಂಪು ನುಸಿಗೆ ಧೂಳು ಒಂದೇ ಸಾಲದು, ನಿಜ. ಆದರೂ ಆಯಿಗೆ ಗೊತ್ತಿದ್ದ ಅರ್ಧ ಸತ್ಯವನ್ನು ಸಿಮೆಂಟಿನ ಕೆಳಗೆ ಮುಚ್ಚಿದವರು ನಾವೇ. ಕಾಕಾ ಟ್ರ್ಯಾಕ್ಟರ್‌ನ ಹಳೆಯ ಟೈರ್ ತಂದು ಹಿತ್ತಲಲ್ಲಿಟ್ಟು, ಒಣ ಮಣ್ಣು ಮತ್ತು ಆರಿದ ಬೂದಿ ಸೋಸಿ ತುಂಬಿದ. ಚುಕ್ಕಿ ಮೊದಲ ದಿನವೇ ಅದರೊಳಗೆ ಇಳಿದು, ಕಣ್ಣು ಮುಚ್ಚಿ ಅರ್ಧ ತಾಸು ಹೊರಳಾಡಿದಳು.

ಅವಳ ಜುಟ್ಟು ಕೆಂಪಾಗಲು ತಿಂಗಳು ಬೇಕಾಯಿತು. ಜೋಳ, ಶೇಂಗಾ ಹಿಂಡಿ, ಮೆಂತೆ ಸೊಪ್ಪು ಅಂತ ಆಯಿ ಬಾಣಂತಿಯಂತೆ ನೋಡಿಕೊಂಡಳು. ದಸರೆಯ ಹೊತ್ತಿಗೆ ನಾನು ಹಾಸ್ಟೆಲ್‌ನಲ್ಲಿದ್ದಾಗ ಅವ್ವ ಫೋನ್ ಮಾಡಿ, ‘ಚುಕ್ಕಿ ತತ್ತಿ ಇಟ್ಟಾಳ’ ಅಂದಳು. ವೈದ್ಯರು ಹೇಳಿದ ಗಡುವು ಅಷ್ಟೊತ್ತಿಗೆ ಮುಗಿದಿತ್ತು. ಮೊದಲ ತತ್ತಿ ಕಾಕಾನ ಮಗಳ ಪಾಲಾಯಿತಂತೆ.

ಸತ್ತುಹೋದ ಆ ಇನ್ನೊಂದು ಕೋಳಿ ಈಗಲೂ ನೆನಪಾಗುತ್ತದೆ. ಅದಕ್ಕೂ ಇದೇ ಆಗಿತ್ತೋ ಏನೋ. ಆಗ ಯಾರೂ ರಾತ್ರಿ ಟಾರ್ಚ್ ಹಿಡಿದು ನೋಡಿರಲಿಲ್ಲ.

ಮನೆಯಲ್ಲಿ ಕೋಳಿ ಇದ್ದರೆ

• ಜುಟ್ಟು ಬಿಳಚಿದರೆ, ಗೂಡಿಗೆ ಹೋಗಲು ಹಟ ಮಾಡಿದರೆ, ಕಾವು ಬಿಟ್ಟು ಎದ್ದರೆ ರಾತ್ರಿ ಟಾರ್ಚ್ ಮತ್ತು ಬಿಳಿ ಬಟ್ಟೆ ಹಿಡಿದು ಗೂಡಿನ ಸಂದು ನೋಡಿ.

• ಬೆಳೆಗೆ ಹೊಡೆಯುವ ಔಷಧ, ಸೀಮೆಎಣ್ಣೆ ಕೋಳಿಯ ಮೈಗೆ ಬೇಡ.

• ಗೂಡಿನ ಸ್ವಚ್ಛತೆಯನ್ನು ಐದಾರು ದಿನಕ್ಕೊಮ್ಮೆ, ಕನಿಷ್ಠ ಮೂರ್ನಾಲ್ಕು ಸಲ ಮಾಡಿ. ಕೆಲಸ ಮುಗಿದ ಮೇಲೆ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಈ ನುಸಿ ಮನುಷ್ಯರನ್ನೂ ಕಚ್ಚಿ ತುರಿಕೆ ತರುತ್ತದೆ, ಆದರೆ ನಮ್ಮ ಮೈಮೇಲೆ ಬದುಕುವುದಿಲ್ಲ.

• ಔಷಧ ಪಶುವೈದ್ಯರನ್ನು ಕೇಳಿಯೇ ಕೊಡಿ. ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಮರೆಯದೆ ಕೇಳಿ. ಪಶು ಚಿಕಿತ್ಸೆಯ ಸಹಾಯವಾಣಿ ಸಂಖ್ಯೆ 1962.