ಕೆರೆಯ ದಂಡೆಗೆ ಮೊದಲ ಗಾಳ



ರಾಶಿ ಮುಗಿದು ಹೊಲದ ಕೆಲಸ ತುಸು ಹಗುರಾದಾಗ ನಮ್ಮ ಬಸವಕಲ್ಯಾಣ, ಹುಮನಾಬಾದ ಕಡೆಯ ಹಳ್ಳಿಗಳಲ್ಲಿ ಮೀನು ತಿನ್ನುವ ಮನೆಗಳ ಹುಡುಗರ ಕಣ್ಣು ಕೆರೆಯ ಕಡೆಗೆ ಹೋಗುತ್ತದೆ. ಮೊನ್ನೆ ಒಬ್ಬ ಹುಡುಗ ನನ್ನ ಹತ್ತಿರ ಬಂದು ಕೇಳಿದ.

"ಕಾಕಾ, ನಮ್ಮ ಅಣ್ಣ ಮುಂಬಯಿಯಿಂದ ಗಾಳದ ಕೋಲು ತಂದಾನ. ಹನ್ನೆರಡು ಅಡಿ ಅದ. ರೀಲು ಅದ, ದೊಡ್ಡ ಸೀಸದ ಗುಂಡು ಅದ. ಖರೆ, ಕೆರಿಯೊಳಗ ಒಂದೂ ಮೀನು ಬೀಳವಲ್ದು. ಯಾಕ್ರಿ?"

"ತಮ್ಮಾ, ಅದು ಕಡಲ ದಂಡಿಯ ಕೋಲು. ನಿಮ್ಮ ಕೆರಿಯೊಳಗ ಅಂಥಾ ತೆರಿ ಎಲ್ಲದ?" ಅಂದೆ.

ಹುಡುಗ ನಕ್ಕ. ಆದರೆ ಈ ಮಾತು ನಗುವಷ್ಟಕ್ಕೇ ಮುಗಿಯತಕ್ಕದ್ದಲ್ಲ. ಕಾರವಾರದಲ್ಲಾಗಲಿ ಮುಂಬಯಿಯಲ್ಲಾಗಲಿ, ಕಡಲ ದಂಡೆಯಲ್ಲಿ ನಿಂತು ಗಾಳ ಹಾಕುವವನು ಒಡೆಯುವ ತೆರೆಗಳನ್ನು ದಾಟಿಸಿ ಎರೆಯನ್ನು ಎಸೆಯಬೇಕು. ಹರಿಯುವ ನೀರು ಅದನ್ನು ಎಳೆದೊಯ್ಯದಂತೆ ಭಾರವನ್ನೂ ಕಟ್ಟಬೇಕು. ಆದುದರಿಂದ ಅವನಿಗೆ ಉದ್ದ ಕೋಲು, ರೀಲು, ನೂರು ಗ್ರಾಮಿನಷ್ಟು ಸೀಸ ಬೇಕಾಗುತ್ತವೆ. ನಮ್ಮ ಕೆರೆಯಲ್ಲಿ ಅಷ್ಟು ಭಾರದ ಗುಂಡು ದೊಪ್ಪನೆ ಬಿದ್ದರೆ ಹತ್ತಿರದ ಮೀನೆಲ್ಲ ಚದುರಿ ಹೋಗುತ್ತದೆ. ಗುಂಡು ಎರೆಮಣ್ಣಿನ ಕೆಸರಿನಲ್ಲಿ ಹೂತುಕೊಳ್ಳುತ್ತದೆ, ಇಲ್ಲವೆ ನೀರಿನಡಿಯ ಜಾಲಿಯ ಬೊಡ್ಡೆಗೆ ಸಿಕ್ಕುತ್ತದೆ. ಆಗ ಹುಡುಗ ಏನು ಮಾಡುತ್ತಾನೆ? "ಅಣ್ಣನ ಸಾಮಾನು, ತುಟ್ಟಿಯದು" ಎಂದು ಅಂಗಿ ಕಳಚಿ ನೀರಿಗೆ ಇಳಿಯುತ್ತಾನೆ. ಕೆಸರು ಕಾಲು ಹಿಡಿದರೆ ಈಜು ಬಲ್ಲವನೂ ಏಳಲಾರ.

ಆದುದರಿಂದ ಇವತ್ತಿನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಗಾಳ ಎಂಥದಿರಬೇಕೆಂದರೆ, ಅದು ನೀರಿನಲ್ಲಿ ಸಿಕ್ಕಿಕೊಂಡಾಗ "ಹೋದರೆ ಹೋಗಲಿ ಬಿಡು" ಎಂದು ಬಿಟ್ಟುಬರಲು ಮನಸ್ಸು ಬರಬೇಕು.

ಇನ್ನು ಸಲಕರಣೆಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಕೋಲು. ಎಂಟರಿಂದ ಹತ್ತು ಅಡಿ ಉದ್ದದ ಬಿದಿರು ಸಾಕು. ಬುಡ ಹೆಬ್ಬೆರಳಿನಷ್ಟು ದಪ್ಪ, ತುದಿ ಕಿರುಬೆರಳಿಗಿಂತ ಸಣ್ಣ ಇರಲಿ. ಹಸಿ ಬಿದಿರನ್ನು ಬಿಸಿಲಿಗೆ ಹಾಕಿದರೆ ಸೀಳುತ್ತದೆ, ನೆರಳಿನಲ್ಲಿ ಒಣಗಿಸಿರಿ. ಕೋಲನ್ನು ಅಡ್ಡ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ತುದಿಯ ಭಾಗ ಕಮಾನಿನಂತೆ ಒಂದೇ ಸಮನೆ ಬಾಗಬೇಕು. ಒಂದೇ ಕಡೆ ಮಡಚಿಕೊಂಡಂತೆ ಕಂಡರೆ ಅಲ್ಲಿ ಹುಳ ತಿಂದಿದೆಯೆಂದೋ ಬಿರುಕಿದೆಯೆಂದೋ ತಿಳಿಯಿರಿ. ದಾರವನ್ನು ತುದಿಗೆ ಮಾತ್ರ ಕಟ್ಟದೆ, ಒಂದು ಅಡಿ ಕೆಳಗೂ ಒಂದು ಕಟ್ಟು ಹಾಕಿರಿ. ತುದಿ ಮುರಿದರೂ ಮೀನು ಕೈಬಿಡುವುದಿಲ್ಲ.

ಎರಡನೆಯದು ದಾರ. ಅಂಗಡಿಯ ನೈಲಾನ್ ದಾರದ ಉಂಡೆಯ ಮೇಲೆ ದಪ್ಪವನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. 0.28 ಮಿಲಿಮೀಟರಿನದು ದೊಡ್ಡ ದಾರಕ್ಕೆ ಸಾಕು. ಕೋಲಿನಷ್ಟೇ ಉದ್ದ ಬಿಡಿರಿ. ಹೆಚ್ಚು ಬಿಟ್ಟರೆ ಹೊಸಬನಿಗೆ ಗಂಟು ಬಿಡಿಸುವುದೇ ಕೆಲಸವಾಗುತ್ತದೆ. ಇದರ ಕೊನೆಗೆ ಒಂದು ಅಡಿ ಮಾತ್ರ 0.20ರ ಸಣ್ಣ ದಾರ ಸೇರಿಸಿ, ಕೊಕ್ಕೆಯನ್ನು ಅದಕ್ಕೆ ಕಟ್ಟಬೇಕು. ಎರಡೂ ದಾರದ ತುದಿಗೆ ಕುಣಿಕೆ ಮಾಡಿ ಒಂದರೊಳಗೊಂದು ಕೋದರಾಯಿತು. ಗುಟ್ಟು ಇರುವುದು ಇಲ್ಲೇ. ಕೊಕ್ಕೆ ಬೊಡ್ಡೆಗೆ ಸಿಕ್ಕಿ ಎಳೆದಾಗ ಈ ಸಣ್ಣ ದಾರ ಮೊದಲು ಹರಿಯುತ್ತದೆ. ಹೋಗುವುದು ಒಂದು ಕೊಕ್ಕೆ, ಒಂದು ಅಡಿ ದಾರ. ಉಳಿಯುವುದು ಕೋಲು, ಬೆಂಡು, ಜೊತೆಗೆ ಜೀವ.

ಗಂಟು ಬಿಗಿಯುವ ಮುಂಚೆ ನೀರಿನಲ್ಲಿ ತೋಯಿಸಿರಿ. ಒಣ ಗಂಟನ್ನು ಜಗ್ಗಿದರೆ ದಾರ ಕಾದು ಬಲ ಕಳೆದುಕೊಳ್ಳುತ್ತದೆ. ಬಿಸಿಲಿನಲ್ಲಿ ಬಿದ್ದ ನೈಲಾನ್ ಸಹ ಪೆಡಸಾಗುತ್ತದೆ. ಹೋದ ವರ್ಷದ ದಾರವನ್ನು ಕೈಯಲ್ಲಿ ಜಗ್ಗಿ ನೋಡಿ, ಪಟ್ಟನೆ ಹರಿದರೆ ತೆಗೆದುಹಾಕಿರಿ.

ಮೂರನೆಯದು ಕೊಕ್ಕೆ. ಹೊಸಬರು ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ದೊಡ್ಡ ಮೀನಿನ ಆಸೆಗೆ ದೊಡ್ಡ ಕೊಕ್ಕೆ ಕೊಳ್ಳುತ್ತಾರೆ. ಸಣ್ಣ ಕೊಕ್ಕೆಗೆ ದೊಡ್ಡ ಮೀನೂ ಬಿದ್ದೀತು. ದೊಡ್ಡ ಕೊಕ್ಕೆ ಸಣ್ಣ ಮೀನಿನ ಬಾಯಲ್ಲಿ ಹಿಡಿಸುವುದೇ ಇಲ್ಲ. ಈ ಸಣ್ಣ ಕೊಕ್ಕೆಗಳ ನಂಬರು ತಿರುವುಮುರುವು: ನಂಬರು ಹೆಚ್ಚಿದಷ್ಟೂ ಕೊಕ್ಕೆ ಸಣ್ಣದು. 8 ಮತ್ತು 10ನೆಯ ನಂಬರಿನವು ಕೆಲವಿದ್ದರೆ ಮೊದಲ ವರ್ಷ ದಾಟುತ್ತದೆ. ಮೊನೆಯನ್ನು ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿರಿ. ಕಚ್ಚಿ ನಿಂತರೆ ಚೂಪು, ಜಾರಿದರೆ ಮೊಂಡು. ಮಕ್ಕಳ ಕೈಗೆ ಕೊಡುವ ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿರಿ; ಬೆರಳಿಗೆ ಚುಚ್ಚಿದರೂ ಬಿಡಿಸುವುದು ಸುಲಭ.

ನಾಲ್ಕನೆಯದು ಬೆಂಡು. ಇದನ್ನು ದುಡ್ಡು ಕೊಟ್ಟು ತರಬೇಕಾಗಿಲ್ಲ. ಒಣಗಿದ ಜೋಳದ ದಂಟಿನ ಸಿಪ್ಪೆ ತೆಗೆದರೆ ಒಳಗಿನ ಬೆಂಡೇ ಸಾಕು, ಎರಡು ಅಂಗುಲ. ಬೆಂಡು ಅರ್ಧ ಮುಳುಗಿ ನೆಟ್ಟಗೆ ನಿಲ್ಲುವಷ್ಟು ಮಾತ್ರ ಭಾರ ಕಟ್ಟಿರಿ. ಭಾರಕ್ಕೆ ಸೀಸವೇ ಆಗಬೇಕೆಂದಿಲ್ಲ. ಸಣ್ಣ ಕಬ್ಬಿಣದ ನಟ್ಟು ನಡೆಯುತ್ತದೆ. ಸೀಸದ ಕಾಳನ್ನು ಹಲ್ಲಿನಿಂದ ಕಚ್ಚಿ ದಾರಕ್ಕೆ ಬಿಗಿಯುವ ರೂಢಿ ಕೆಲವರಲ್ಲಿ ಉಂಟು. ಹಾಗೆ ಮಾಡಕೂಡದು. ಸೀಸ ವಿಷ, ಮುಟ್ಟಿದರೆ ಕೈ ತೊಳೆದು ರೊಟ್ಟಿ ತಿನ್ನಿರಿ.

ಐದನೆಯದು ಎರೆ. ತಿಪ್ಪೆಯ ಬದಿಯ ಎರೆಹುಳು ಎಲ್ಲಕ್ಕೂ ಆಗುತ್ತದೆ. ರೋಹು, ಮೃಗಾಲ, ಸಾಮಾನ್ಯ ಗೆಂಡೆಗೆ ಜೋಳದ ಹಿಟ್ಟನ್ನು ಶೇಂಗಾ ಹಿಂಡಿಯ ಜೊತೆ ಗಟ್ಟಿಯಾಗಿ ನಾದಿ, ಕಡಲೆಕಾಳಿನಷ್ಟು ಉಂಡೆ ಕೊಕ್ಕೆಗೆ ಮೆತ್ತಿರಿ. ಮೃಗಾಲ, ಗೆಂಡೆ ನೆಲದಲ್ಲಿ ಮೇಯುವ ಮೀನು. ಎರೆ ತಳದ ಹತ್ತಿರ ಇರುವಂತೆ ಬೆಂಡನ್ನು ಮೇಲಕ್ಕೆ ಸರಿಸಬೇಕು.

ಈ ಐದು ಅಂಗಗಳ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಇಂದಿನ ಬಸವಕಲ್ಯಾಣವೇ ಅಂದಿನ ಕಲ್ಯಾಣ. ಅಲ್ಲಿಂದ ಆಳಿದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಒಂದು ಭಾಗವೇ ಇದೆ. ಮೀನಿನ ಜಾತಿಗಳು, ಅವುಗಳಿಗೆ ಹಾಕುವ ಎರೆ, ಗಾಳ ಹಾಕುವ ಬಗೆ, ಎಲ್ಲವೂ ಅದರಲ್ಲಿವೆ. ಅರಸನಿಗೆ ಅದು ವಿನೋದ. ನಮಗೆ ಒಂದು ಹೊತ್ತಿನ ಸಾರು.

ಇನ್ನು ಎಚ್ಚರಿಕೆಯ ನಾಲ್ಕು ಮಾತು.

ಕೊಕ್ಕೆ ಸಿಕ್ಕಿಕೊಂಡಾಗ ಕೋಲಿನಿಂದ ಜಗ್ಗಬೇಡಿರಿ, ಮುರಿಯುತ್ತದೆ. ದಾರವನ್ನು ಒಂದು ಕಟ್ಟಿಗೆಗೆ ಸುತ್ತಿ, ಮುಖ ಆಚೆ ತಿರುಗಿಸಿ, ಹಿಂದಕ್ಕೆ ಸರಿಯುತ್ತ ಎಳೆಯಿರಿ. ಹರಿದ ಭಾರ ಚಿಮ್ಮಿ ಕಣ್ಣಿಗೆ ಬಡಿದೀತು. ನೀರಿಗೆ ಮಾತ್ರ ಇಳಿಯಬೇಡಿರಿ.

ಕೃಷಿ ಹೊಂಡದಲ್ಲಿ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಲಹೊಲಗಳಲ್ಲಿ ಹೊಂಡಗಳಾದವು. ಅದರ ಪ್ಲಾಸ್ಟಿಕ್ ಹಾಸು ತೊಯ್ದಾಗ ಬೆಣ್ಣೆಯಂತೆ ಜಾರುತ್ತದೆ. ಒಳಗೆ ಬಿದ್ದವನಿಗೆ ಹಿಡಿಯಲು ಏನೂ ಸಿಗದು. ಹೊಂಡಕ್ಕೆ ಬೇಲಿ ಇರಲಿ. ದಂಡೆಯ ಗೂಟಕ್ಕೆ ಗಂಟು ಹಾಕಿದ ಹಗ್ಗ ಕಟ್ಟಿ ನೀರಿನವರೆಗೆ ಇಳಿಬಿಡಿರಿ. ಮಕ್ಕಳನ್ನು ಒಂಟಿಯಾಗಿ ಕಳಿಸಲೇಬೇಡಿರಿ.

ಕೋಲು ಎತ್ತುವ ಮುಂಚೆ ತಲೆಯ ಮೇಲೆ ನೋಡಿರಿ. ಪಂಪಿನ ಕರೆಂಟು ತಂತಿ ಕೆರೆಯ ದಂಡೆಗೆ ಹಾದುಹೋಗಿರುತ್ತದೆ. ಹಸಿ ಬಿದಿರೂ ಅಪಾಯ, ಅಂಗಡಿಯ ಕಾರ್ಬನ್ ಕೋಲಂತೂ ಬಹಳ ಅಪಾಯ.

ಚೇಳುಮೀನು ಬಿದ್ದರೆ ಬರಿಗೈಯಲ್ಲಿ ಹಿಡಿಯಬೇಡಿರಿ. ಅದರ ಪಕ್ಕದ ಮುಳ್ಳಿನಲ್ಲಿ ವಿಷವುಂಟು. ದಪ್ಪ ಬಟ್ಟೆಯಿಂದ ಹಿಡಿಯಿರಿ. ಚುಚ್ಚಿದರೆ, ತಾಳುವಷ್ಟು ಬಿಸಿ ನೀರಿನಲ್ಲಿ ಕೈಯಿಟ್ಟು, ಬಳಿಕ ದವಾಖಾನೆಗೆ ಹೋಗಿರಿ.

ಇನ್ನೊಂದು ಮಾತು ದನ ಕಟ್ಟಿದವರಿಗೆ. ಹರಿದ ದಾರ, ಮುರಿದ ಕೊಕ್ಕೆಯನ್ನು ದಂಡೆಯಲ್ಲಿ ಬಿಸಾಡಬೇಡಿರಿ. ಸಂಜೆ ಅದೇ ದಂಡೆಗೆ ನಿಮ್ಮ ಎಮ್ಮೆ ನೀರಿಗೆ ಬರುತ್ತದೆ. ಹುಲ್ಲಿನ ಜೊತೆ ಕೊಕ್ಕೆ ಹೊಟ್ಟೆಗೆ ಹೋದರೆ ಹಿಡಿ ಮೀನಿನ ಆಸೆಗೆ ಹಾಲಿನ ಎಮ್ಮೆಯನ್ನೇ ಕಳೆದುಕೊಂಡಂತೆ. ತುಣುಕುಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿ ಮನೆಗೆ ತನ್ನಿರಿ.

ಗಾಳ ಹಾಕುವ ಮುನ್ನ ಅಪ್ಪಣೆಯನ್ನೂ ಕೇಳಿರಿ. ಚುಳಕಿನಾಲಾ, ಕಾರಂಜಾದಂಥ ಜಲಾಶಯಗಳಲ್ಲಾಗಲಿ ಊರ ಕೆರೆಯಲ್ಲಾಗಲಿ, ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗಿರಬಹುದು. ಅಲ್ಲಿ ಮರಿ ಬಿಟ್ಟವರು ದುಡ್ಡು ಹಾಕಿರುತ್ತಾರೆ. ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿರಿ. ಮಳೆಗಾಲದ ಮೊದಲ ನೀರಿಗೆ ತತ್ತಿ ಇಡಲು ಬರುವ ಮೀನನ್ನು ಬಿಟ್ಟುಬಿಡಿರಿ.

ಆ ಹುಡುಗ ಮರುದಿನ ಮತ್ತೆ ಬಂದಿದ್ದ, ಕೈಯಲ್ಲಿ ಹಿತ್ತಲ ಬಿದಿರು. ಅಣ್ಣನ ಕೋಲನ್ನು ಅಟ್ಟಕ್ಕೆ ಏರಿಸಿದ್ದನಂತೆ. "ಕಾಕಾ, ಎರಡು ಕೊಕ್ಕಿ ಹೋದವ್ರಿ, ಮೂರು ಮೀನು ಬಂದವು" ಅಂದ.

"ನೀರಿಗೆ ಇಳಿದಿದ್ಯೇನು?"

"ಇಲ್ರಿ. ಹೋದ್ರ ಹೋಗ್ಲಿ ಅಂತ ಬಿಟ್ಟೆ."

ಅವನು ಕಲಿತ, ರೈತ ಬಾಂಧವರೇ. ನಿಮ್ಮ ಮನೆಯ ಹುಡುಗರಿಗೂ ಇದನ್ನು ಮೊದಲೇ ಕಲಿಸಿರಿ.