ಏರಿನಲ್ಲಿ ಬಸವಳಿಯುವ ಹಳೆಯ ಜೀಪು

ಬಯಲಿನಲ್ಲಿ ಸರಿಯಾಗಿಯೇ ಓಡುತ್ತದೆ, ಏರು ಸಿಕ್ಕಿದೊಡನೆ ಬಸವಳಿಯುತ್ತದೆ. ನಿಂತಲ್ಲಿ ಎಂಜಿನ್ ಒಂದೇ ಲಯದಲ್ಲಿ ನಡುಗುತ್ತದೆ. ಸೈಲೆನ್ಸರಿನಿಂದ ‘ಫಟ್, ಫಟ್’ ಎಂಬ ಸದ್ದು ತಪ್ಪದೆ ಬರುತ್ತದೆ. ಹಳೆಯ ಜೀಪು, ಪಿಕಪ್ಪುಗಳನ್ನು ಇಟ್ಟುಕೊಂಡವರು ಗ್ಯಾರೇಜಿಗೆ ಒಯ್ಯುವ ದೂರುಗಳಲ್ಲಿ ಇದು ಬಲು ಹಳೆಯದು. ಪ್ಲಗ್ ಬದಲಾಯಿಸಿ, ಡೀಸೆಲ್ ಫಿಲ್ಟರ್ ಬದಲಾಯಿಸಿ, ಆಮೇಲೆ ಪಂಪಿನ ಮೇಲೂ ಗುಮಾನಿಪಟ್ಟು ಸಾವಿರಾರು ರೂಪಾಯಿ ಸುರಿದ ಮೇಲೆ ಗೊತ್ತಾಗುತ್ತದೆ: ತಪ್ಪು ಅಂಗೈಯಲ್ಲಿ ಹಿಡಿಸುವ ಒಂದು ಉಕ್ಕಿನ ಅಣಬೆಯದು. ಪಠ್ಯಪುಸ್ತಕ ಅದನ್ನು ನಿಷ್ಕಾಸ ಕವಾಟ ಎನ್ನುತ್ತದೆ. ಗ್ಯಾರೇಜಿನಲ್ಲಿ ಅದು ಎಕ್ಸಾಸ್ಟ್ ವಾಲ್ವ್.

ನರಸಿಂಹರಾಜಪುರ ತಾಲ್ಲೂಕಿನ ಮುತ್ತಿನಕೊಪ್ಪದಂಥ ಊರಿನಲ್ಲಿ ಇದು ಬರಿಯ ಯಂತ್ರದ ವಿಷಯವಾಗಿ ಉಳಿಯುವುದಿಲ್ಲ. ಮನೆಗಳು ತೋಟದ ನಡುವೆ ಒಂದೊಂದು ಗುಡ್ಡಕ್ಕೆ ಒಂದರಂತೆ ಚದುರಿರುವ ಸೀಮೆಯಿದು. ಅಡಿಕೆ, ಶುಂಠಿ, ರಬ್ಬರ್ ಹಾಳೆ, ಗೊಬ್ಬರ ಎಲ್ಲವೂ ಒಂದೇ ವಾಹನದಲ್ಲಿ ಹೋಗಬೇಕು. ಮಳೆಗಾಲದ ನಡುರಾತ್ರಿ ಹೆರಿಗೆಗೆ ಆಸ್ಪತ್ರೆಗೆ ಹೊರಡಬೇಕಾದರೂ ಅದೇ ವಾಹನ. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಒಡೆಯರಾಗಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು ಈ ಭಾಗದ ಒಳದಾರಿಗಳನ್ನೆಲ್ಲ ಮುಟ್ಟುತ್ತಿದ್ದವು. ಅದು 2020ರಲ್ಲಿ ನಿಂತ ಮೇಲೆ ಮನೆಯ ಜೀಪಿನ ಮೇಲಿನ ಭಾರ ಇನ್ನೊಂದಿಷ್ಟು ಹೆಚ್ಚಿತೆನ್ನಬೇಕು. ಅಂಥ ವಾಹನ ಏರಿನ ಅರ್ಧದಲ್ಲಿ ಒಂದು ಸಿಲಿಂಡರ್ ಕಳೆದುಕೊಂಡರೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ಎಂಜಿನ್ನಿನ ಸಿಲಿಂಡರಿಗೆ ಎರಡು ಬಾಗಿಲುಗಳು. ಒಂದರಿಂದ ಗಾಳಿ ಒಳಗೆ ಬರುತ್ತದೆ, ಇನ್ನೊಂದರಿಂದ ಉರಿದ ಅನಿಲ ಹೊರಗೆ ಹೋಗುತ್ತದೆ. ಒಳಬಾಗಿಲಿನ ಭಾಗ್ಯ ದೊಡ್ಡದು: ಪ್ರತಿ ಸಲ ತೆರೆದಾಗಲೂ ತಣ್ಣನೆಯ ಗಾಳಿ ಅದನ್ನು ಸವರಿಕೊಂಡು ಹೋಗುತ್ತದೆ. ಹೊರಬಾಗಿಲಿಗೆ ಆ ಸುಖವಿಲ್ಲ. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಅದು ನಿಮಿಷಕ್ಕೆ 1000 ಸಲ ತೆರೆಯುತ್ತದೆ, ಪ್ರತಿ ಸಲವೂ ಬೆಂಕಿಯ ಹೊಳೆಯೇ ಅದರ ಸುತ್ತ ಹಾಯುತ್ತದೆ. ಭಾರ ಹೊತ್ತ ಪೆಟ್ರೋಲ್ ಎಂಜಿನ್ನಿನಲ್ಲಿ ಅದರ ತಲೆ 700ರಿಂದ 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕೆಂಪಗಾಗುವ ಬಿಸಿ ಅದು. ಹಾಗಿದ್ದೂ ಕರಗದೆ, ಬಾಗದೆ ಇರುವುದಕ್ಕೆ ಕಾರಣ ಅದು ಮುಚ್ಚಿಕೊಂಡಿರುವ ಕ್ಷಣಗಳು. ಮುಚ್ಚಿದಾಗ ವಾಲ್ವಿನ ಅಂಚು ‘ಸೀಟ್’ ಎಂಬ ಉಂಗುರದ ಮೇಲೆ ಬಿಗಿಯಾಗಿ ಕೂರುತ್ತದೆ. ವಾಲ್ವಿನ ಬಿಸಿಯಲ್ಲಿ ಸುಮಾರು ಮುಕ್ಕಾಲು ಪಾಲು ಈ ಉಂಗುರದ ಮೂಲಕವೇ ನೀರು ಹರಿಯುವ ಲೋಹಕ್ಕೆ ದಾಟಿಹೋಗುತ್ತದೆ. ಉಳಿದದ್ದು ಕಾಂಡದಿಂದ ಗೈಡಿಗೆ ಇಳಿಯುತ್ತದೆ.

ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ರೋಗದ ಮುಕ್ಕಾಲು ಭಾಗ ತಿಳಿದಂತೆ. ವಾಲ್ವ್ ಪೂರ್ತಿ ಕೂರದಿದ್ದರೆ ಬಿಸಿ ದಾಟುವುದಿಲ್ಲ. ಜತೆಗೆ, ಕೂರದ ಸಂದಿಯಿಂದ ಉರಿಯುವ ಅನಿಲ ಗ್ಯಾಸ್ ಕಟ್ಟರಿನ ಜ್ವಾಲೆಯಂತೆ ನುಗ್ಗಿ ಅಂಚನ್ನು ಕೊರೆಯುತ್ತದೆ. ಕೊರೆದಷ್ಟೂ ಸೋರಿಕೆ, ಸೋರಿದಷ್ಟೂ ಕೊರೆತ. ಬಿಚ್ಚಿ ನೋಡಿದರೆ ಇಲಿ ಕಡಿದ ರೊಟ್ಟಿಯಂತೆ ಒಂದು ಕಡೆ ಮಾತ್ರ ತಿಂದುಹೋಗಿರುತ್ತದೆ.

ಹಾಗಾದರೆ ಮೊದಲ ಸಲ ಅದು ಕೂರದೆ ಹೋದದ್ದೇಕೆ? ಹೆಚ್ಚಿನ ಕಡೆ ಉತ್ತರ ತೀರಾ ಸಾಧಾರಣವಾದದ್ದು: ‘ಕ್ಲಿಯರೆನ್ಸ್’ ಇಲ್ಲವಾಗಿರುತ್ತದೆ. ಕಾದ ವಾಲ್ವ್ ಉದ್ದವಾಗುತ್ತದೆ. ಅದಕ್ಕೆಂದೇ ಕಾಂಡದ ತುದಿಗೂ ಅದನ್ನು ತಳ್ಳುವ ಭಾಗಕ್ಕೂ ನಡುವೆ ಕೂದಲೆಳೆಯ ಸಂದಿ ಬಿಟ್ಟಿರುತ್ತಾರೆ; ಹಳೆಯ ವಿಲ್ಲೀಸ್ ಪೆಟ್ರೋಲ್ ಎಂಜಿನ್ನಿನ ಎಕ್ಸಾಸ್ಟ್ ವಾಲ್ವಿಗೆ ಎಂಜಿನ್ ತಣ್ಣಗಿದ್ದಾಗ ಸುಮಾರು 0.4 ಮಿ.ಮೀ. ಸೀಟ್ ಸವೆದಂತೆ ವಾಲ್ವ್ ಒಳಕ್ಕೆ ಹುದುಗುತ್ತದೆ, ಕಾಂಡ ಆಚೆ ಬದಿಗೆ ಸರಿಯುತ್ತದೆ, ಸಂದಿ ಮಾಯವಾಗುತ್ತದೆ. ವಿಚಿತ್ರವೆಂದರೆ ಈ ಹಂತದಲ್ಲಿ ಎಂಜಿನ್ನಿನ ಸದ್ದು ಕಡಿಮೆಯಾಗುತ್ತದೆ. ‘ಟಿಕ್ ಟಿಕ್’ ನಿಂತಿತೆಂದು ಮಾಲೀಕರು ಸಂತೋಷಪಡುತ್ತಾರೆ. ಸಣ್ಣಗೆ ಸದ್ದು ಮಾಡುವ ವಾಲ್ವಿಗಿಂತ ಸದ್ದೇ ಮಾಡದ ವಾಲ್ವಿಗೆ ಹೆದರಬೇಕು.

ಇಲ್ಲಿ ಜೀಪಿನ ಚರಿತ್ರೆಯನ್ನೂ ತುಸು ನೋಡಬೇಕು. ಮಹೀಂದ್ರ ಕಂಪನಿ 1940ರ ದಶಕದ ಕೊನೆಗೆ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಆರಂಭಿಸಿತು. ಮುಂದೆ ಮಲೆನಾಡಿಗೆ ತೀರಾ ಪರಿಚಿತವಾದ ಎತ್ತರದ ಬಾನೆಟ್ಟಿನ ಜೀಪು, 1953ರಲ್ಲಿ ಅಮೆರಿಕದಲ್ಲಿ ಹೊರಬಂದ ಸಿಜೆ-3ಬಿ ಮಾದರಿ. ಬಾನೆಟ್ ಎತ್ತರವಾದದ್ದು ಅಂದಕ್ಕಾಗಿ ಅಲ್ಲ. ಒಳಗೆ ಕೂರಿಸಿದ ‘ಹರಿಕೇನ್’ ಎಂಜಿನ್ ಹಿಂದಿನದಕ್ಕಿಂತ ಎತ್ತರವಾಗಿತ್ತು. ಈ 2199 ಸಿ.ಸಿ. ಎಂಜಿನ್ನಿನ ವಿಶೇಷವೆಂದರೆ ಗಾಳಿಯ ವಾಲ್ವ್ ಮೇಲೆ ಹೆಡ್ಡಿನಲ್ಲಿದೆ, ಎಕ್ಸಾಸ್ಟ್ ವಾಲ್ವ್ ಮಾತ್ರ ಹಳೆಯ ಪದ್ಧತಿಯಂತೆ ಕೆಳಗೆ, ಬ್ಲಾಕಿನಲ್ಲಿ ಸಿಲಿಂಡರಿನ ಪಕ್ಕದಲ್ಲಿದೆ. ಮೇಲಿನ ಕವರ್ ತೆಗೆದು ನಾಲ್ಕು ವಾಲ್ವುಗಳ ಸಂದಿ ಸರಿಪಡಿಸಿ ಕೆಲಸ ಮುಗಿಯಿತು ಎಂದವರು ರೋಗ ಬರುವ ನಾಲ್ಕನ್ನು ಮುಟ್ಟಿಯೇ ಇರುವುದಿಲ್ಲ. ಅವುಗಳ ಸಂದಿ ನೋಡಬೇಕಾದರೆ ಮ್ಯಾನಿಫೋಲ್ಡಿನ ಬದಿಯ ತಗಡಿನ ಮುಚ್ಚಳ ಬಿಚ್ಚಬೇಕು. ಕೈ ಹೋಗದ ಜಾಗ, ಹಾಗಾಗಿ ಮುಂದೂಡುತ್ತ ಹೋಗುತ್ತಾರೆ. ಆಮೇಲೆ ಬಂದ ಪ್ಯೂಜೋ ಡೀಸೆಲ್ ಎಂಜಿನ್ನಿನಲ್ಲಿ (ಅದರ 4.90 ಎಂಬ ಹೆಸರು ನಾಲ್ಕು ಸಿಲಿಂಡರ್, 90 ಮಿ.ಮೀ. ಅಗಲ ಎಂಬುದರ ಗುರುತು) ಎಲ್ಲ ವಾಲ್ವುಗಳೂ ಮೇಲೆಯೇ ಇವೆ.

ಪೆಟ್ರೋಲ್ ಜೀಪುಗಳಿಗೆ ಇನ್ನೊಂದು ಪೆಟ್ಟು ಬಂದದ್ದು ಇಂಧನದಿಂದ. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿ ಎಂಜಿನ್ನಿನ ಬಡಿತ ನಿಲ್ಲಿಸುವ ಉಪಾಯ ಕಂಡುಹಿಡಿದ. ಉರಿದ ಸೀಸ ವಾಲ್ವ್ ಮತ್ತು ಸೀಟಿನ ನಡುವೆ ತೆಳ್ಳನೆಯ ಲೇಪವಾಗಿ ಕುಳಿತು ಎರಡೂ ಲೋಹ ಅಂಟಿ ಕಿತ್ತುಬರದಂತೆ ಕಾಯುತ್ತಿತ್ತು. ಇದು ಯಾರೂ ಬಯಸದೆ ಬಂದ ಲಾಭ. ಮಕ್ಕಳ ಮಿದುಳಿಗೆ ವಿಷವಾಗುವ ಈ ಸೀಸವನ್ನು ಕೈಬಿಟ್ಟದ್ದು ಎಲ್ಲ ರೀತಿಯಲ್ಲೂ ಸರಿ. ಭಾರತದಲ್ಲಿ 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಆದರೆ ಮೆದುವಾದ ಎರಕದ ಕಬ್ಬಿಣದಲ್ಲೇ ಸೀಟ್ ಕೊರೆದಿದ್ದ ಹಳೆಯ ಎಂಜಿನ್ನುಗಳಲ್ಲಿ, ಅದರಲ್ಲೂ ಭಾರ ಹೇರಿಕೊಂಡು ಏರು ಹತ್ತುವಂಥವುಗಳಲ್ಲಿ, ವಾಲ್ವ್ ಬೇಗ ಬೇಗ ಹುದುಗುವುದಕ್ಕೆ ಇದೂ ಕಾರಣವಾಯಿತು. ಈಚೆಗೆ ಪೆಟ್ರೋಲಿನಲ್ಲಿ ಎಥೆನಾಲ್ ಪಾಲು ಏರುತ್ತ 2025ರ ಹೊತ್ತಿಗೆ ಶೇ 20ಕ್ಕೆ ಮುಟ್ಟಿದೆ. ಹಳೆಯ ಕಾರ್ಬುರೇಟರಿನಲ್ಲಿ ಇದರಿಂದ ಮಿಶ್ರಣ ತೆಳುವಾಗುತ್ತದೆ. ಜೆಟ್ ಸರಿಪಡಿಸದೆ ಓಡಿಸುವುದು ಜಾಣತನವಲ್ಲ.

ಇನ್ನು ರೋಗ ಪತ್ತೆ. ಅದಕ್ಕೆ ಮೊದಲು ಬೇಕಾದದ್ದು ಒಂದು ತುಂಡು ಕಾಗದ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಸೈಲೆನ್ಸರಿನ ಬಾಯಿಗೆ ಹಿಡಿದರೆ ಕಾಗದ ಒಂದೇ ಸಮನೆ ಹೊರಕ್ಕೆ ಹಾರಾಡಬೇಕು. ನಡುನಡುವೆ ಒಳಕ್ಕೆ ಎಳೆದುಕೊಂಡು ಅಂಟಿದರೆ ಎಕ್ಸಾಸ್ಟ್ ವಾಲ್ವಿನ ಮೇಲೆ ಸಂಶಯಪಡಬಹುದು. ಇದು ಸುಳಿವು ಮಾತ್ರ, ತೀರ್ಪಲ್ಲ. ಆಮೇಲೆ ಪೆಟ್ರೋಲ್ ಎಂಜಿನ್ನಿನಲ್ಲಿ ಒಂದೊಂದೇ ಪ್ಲಗ್ಗಿನ ಕೆಲಸ ನಿಲ್ಲಿಸಿ ನೋಡಬೇಕು. ಯಾವುದನ್ನು ನಿಲ್ಲಿಸಿದರೂ ಎಂಜಿನ್ ಇನ್ನಷ್ಟು ಸೋಲಬೇಕು. ಸೋಲದಿದ್ದರೆ ಆ ಸಿಲಿಂಡರ್ ಮೊದಲೇ ಸತ್ತಿದೆ. ಡೀಸೆಲ್ಲಿನಲ್ಲಿ ಇಂಜೆಕ್ಟರ್ ಪೈಪಿನ ನಟ್ ಒಂದೊಂದಾಗಿ ಸಡಿಲಿಸಿ ಇದನ್ನೇ ಮಾಡುತ್ತಾರೆ. ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗಬಲ್ಲದು, ಬೆರಳನ್ನು ಅದರ ದಾರಿಯಲ್ಲಿ ಇಡಲೇಬಾರದು.

ಕಂಪ್ರೆಷನ್ ಮಾಪಕದ ಅಂಕಿಯನ್ನು ಒಂದಕ್ಕೊಂದು ಹೋಲಿಸಿ ಓದಬೇಕು. ಮೂರು ಸಿಲಿಂಡರ್ ಸಮನಾಗಿದ್ದು ನಾಲ್ಕನೆಯದು ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿದ್ದರೆ ಒಳಗೆ ಸೋರಿಕೆ ಖಂಡಿತ. ಪೆಟ್ರೋಲ್ ಎಂಜಿನ್ ಆದರೆ ಆ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯುವುದು ರೂಢಿ: ಅಂಕಿ ಏರಿದರೆ ರಿಂಗಿನ ದೋಷ, ಇದ್ದಲ್ಲೇ ಇದ್ದರೆ ವಾಲ್ವಿನದು ಅಥವಾ ಗ್ಯಾಸ್ಕೆಟ್ಟಿನದು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕುಸಿದಿದ್ದರೆ ಗ್ಯಾಸ್ಕೆಟ್ಟನ್ನೇ ಮೊದಲು ನೋಡಬೇಕು. ಡೀಸೆಲ್ ಎಂಜಿನ್ನಿನಲ್ಲಿ ಈ ಎಣ್ಣೆಯ ಪರೀಕ್ಷೆ ಬೇಡ. ಅದರ ಪುಟ್ಟ ಕೋಣೆಯಲ್ಲಿ ಎಣ್ಣೆಯೇ ಜಾಗ ತುಂಬಿ ಕನೆಕ್ಟಿಂಗ್ ರಾಡ್ ಬಾಗಿಸೀತು.

ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಕಿವಿಯದು. ಆ ಸಿಲಿಂಡರಿನ ಪಿಸ್ಟನ್ನನ್ನು ಒತ್ತಡದ ಹೊಡೆತದ ತುತ್ತತುದಿಗೆ ತಂದು, ಎಂಜಿನ್ ತಿರುಗದಂತೆ ಗೇರಿನಲ್ಲಿ ಹಿಡಿದು, ಪ್ಲಗ್ಗಿನ ತೂತಿನಿಂದ ಕಂಪ್ರೆಸರಿನ ಗಾಳಿ ಬಿಡಬೇಕು. ‘ಹಿಸ್’ ಎಂಬ ಸದ್ದು ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಏರ್ ಕ್ಲೀನರಿನಲ್ಲಾದರೆ ಗಾಳಿಯ ವಾಲ್ವ್, ಆಯಿಲ್ ಹಾಕುವ ಬಾಯಲ್ಲಾದರೆ ರಿಂಗು. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಬಿರುಕು. ಹೆಡ್ ಬಿಚ್ಚುವ ಮುನ್ನ ಮಾಡಬೇಕಾದ ಇನ್ನೊಂದು ಕೆಲಸವಿದೆ, ಅವಸರದಲ್ಲಿ ಮರೆತುಹೋಗುವಂಥದು: ಸಂದಿ ಅಳೆಯುವುದು. ಸಂದಿ ಸೊನ್ನೆಯಾಗಿದ್ದರೆ ಸರಿಪಡಿಸಿ ಮತ್ತೊಮ್ಮೆ ಪರೀಕ್ಷಿಸಬೇಕು. ಅಂಚು ಇನ್ನೂ ಸುಟ್ಟಿರದಿದ್ದರೆ ಗಂಟೆಯ ಕೆಲಸದಲ್ಲಿ ಎಂಜಿನ್ ಉಳಿಯುತ್ತದೆ.

ಸುಟ್ಟಿದ್ದರೆ ಹೆಡ್ ಇಳಿಸಲೇಬೇಕು. ನಟ್ಟುಗಳನ್ನು ಹೊರಗಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಬರಬೇಕು, ಇಲ್ಲದಿದ್ದರೆ ಹೆಡ್ ಸೊಟ್ಟಗಾಗುತ್ತದೆ. ವಿಲ್ಲೀಸ್ ಎಂಜಿನ್ನಿನಲ್ಲಿ ಸ್ಪ್ರಿಂಗ್ ಬಿಚ್ಚುವ ಮೊದಲು ಬದಿಯ ಕೋಣೆಯ ಆಯಿಲ್ ತೂತುಗಳಿಗೆ ಬಟ್ಟೆ ತುರುಕುವುದನ್ನು ಪಳಗಿದವರು ಮರೆಯುವುದಿಲ್ಲ. ಕಾಂಡದ ತುದಿ ಹಿಡಿದಿರುವ ಎರಡು ಪುಟ್ಟ ಬೀಗಗಳು ಜಾರಿ ಸಂಪಿಗೆ ಬಿದ್ದರೆ ಅರ್ಧ ದಿನ ಅದನ್ನು ಹುಡುಕುವುದೇ ಕೆಲಸ. ತೆಗೆದ ವಾಲ್ವುಗಳನ್ನು ರಟ್ಟಿನಲ್ಲಿ ತೂತು ಮಾಡಿ ಕ್ರಮವಾಗಿ ಸಿಕ್ಕಿಸಿಡಬೇಕು. ಯಾವುದು ಎಲ್ಲಿಯದೆಂಬುದೂ ಒಂದು ಸಾಕ್ಷ್ಯವೇ.

ಸುಟ್ಟ ವಾಲ್ವನ್ನು ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ. ಸ್ವಲ್ಪವೇ ಮಚ್ಚೆಯಾಗಿದ್ದರೆ ಮಾತ್ರ ಯಂತ್ರದಲ್ಲಿ ಅಂಚನ್ನು ಸಾಣೆಗೆ ಕೊಡಬಹುದು, ಅದೂ ಅಂಚಿನ ದಪ್ಪ ಸುಮಾರು ಒಂದು ಮಿ.ಮೀ. ಉಳಿಯುವವರೆಗೆ. ಅದಕ್ಕಿಂತ ತೆಳುವಾದ ಅಂಚು ಕೆಂಡದಂತೆ ಹೊಳೆದು ಬೇಗ ಸುಡುತ್ತದೆ. ಸೀಟನ್ನು ಸಾಮಾನ್ಯವಾಗಿ 45 ಡಿಗ್ರಿ ಕಟ್ಟರಿನಿಂದ ಕೊರೆದು, ಮೇಲೂ ಕೆಳಗೂ ಬೇರೆ ಕೋನದ ಕಟ್ಟರುಗಳಿಂದ ಅದರ ಅಗಲವನ್ನು ಒಂದೂವರೆ ಮಿ.ಮೀ. ಆಸುಪಾಸಿಗೆ ತರುತ್ತಾರೆ. ತೀರಾ ಕಿರಿದಾದರೆ ಬಿಸಿ ದಾಟದು, ತೀರಾ ಅಗಲವಾದರೆ ಮಸಿ ಸಿಕ್ಕಿಕೊಳ್ಳುತ್ತದೆ. ಗೈಡ್ ಸವೆದು ವಾಲ್ವ್ ಅಲ್ಲಾಡುತ್ತಿದ್ದರೆ ಮೊದಲು ಗೈಡ್ ಬದಲಾಗಬೇಕು, ಆಮೇಲೆ ಸೀಟ್. ಕಟ್ಟರ್ ನಿಲ್ಲುವುದೇ ಗೈಡಿನ ಆಧಾರದಲ್ಲಿ, ಆದ್ದರಿಂದ ಈ ಕ್ರಮ ತಲೆಕೆಳಗಾದರೆ ಮಾಡಿದ್ದೆಲ್ಲ ನೀರುಪಾಲು. ಸೀಟ್ ಪೂರ್ತಿ ಹುದುಗಿದ್ದರೆ ಲೇತಿನವರಲ್ಲಿ ಕೊರೆಸಿ ಗಟ್ಟಿ ಲೋಹದ ಉಂಗುರ ಕೂರಿಸಬೇಕು. ಸೀಸವಿಲ್ಲದ ಪೆಟ್ರೋಲಿಗೆ ಇದೇ ಸರಿಯಾದ ಪರಿಹಾರ.

ಕೊನೆಗೆ ಬರುವುದು ‘ವಾಲ್ವ್ ಗ್ರೈಂಡಿಂಗ್’. ಅಂಚಿಗೆ ಪೇಸ್ಟ್ ಸವರಿ, ರಬ್ಬರ್ ಬಟ್ಟಲಿನ ಕೋಲನ್ನು ವಾಲ್ವಿನ ತಲೆಗೆ ಅಂಟಿಸಿ, ಎರಡು ಅಂಗೈಗಳ ನಡುವೆ ಮಜ್ಜಿಗೆ ಕಡೆದಂತೆ ಹಿಂದೆ ಮುಂದೆ ತಿರುಗಿಸುವುದು. ಆಗಾಗ ಎತ್ತಿ ಜಾಗ ಬದಲಿಸುವುದು. ಕಡಿಯದ ಒಂದು ಮಸುಕು ಬೂದು ಉಂಗುರ ಸುತ್ತಲೂ ಕಂಡರೆ ಸಾಕು, ಇನ್ನೂ ತಿಕ್ಕಿದರೆ ಗುಳಿ ಬೀಳುತ್ತದೆ. ಸೀಟಿನ ಮೇಲೆ ಪೆನ್ಸಿಲಿನಿಂದ ಅಡ್ಡಗೆರೆಗಳನ್ನು ಎಳೆದು ವಾಲ್ವ್ ಕೂರಿಸಿ ಅರ್ಧ ಸುತ್ತು ತಿರುಗಿಸಿದರೆ ಎಲ್ಲ ಗೆರೆಗಳೂ ಅಳಿಯಬೇಕು. ಪೇಸ್ಟಿನ ಒಂದು ಕಣವೂ ಉಳಿಯದಂತೆ ತೊಳೆಯುವುದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಉಳಿದದ್ದು ಗೈಡನ್ನೂ ರಿಂಗನ್ನೂ ತಿನ್ನುತ್ತದೆ.

ಇಷ್ಟೆಲ್ಲ ಮಾಡಿಯೂ ಮೂರು ತಿಂಗಳಲ್ಲಿ ಅದೇ ವಾಲ್ವ್ ಮತ್ತೆ ಸುಟ್ಟಿತೆಂದರೆ ಕಾರಣ ಹೊರಗೆ ಉಳಿದಿದೆ ಎಂದೇ ಅರ್ಥ. ಗದ್ದೆಯ ಕೆಸರು ಒಣಗಿ ಮುಚ್ಚಿದ ರೇಡಿಯೇಟರ್, ನಿಂತ ನೀರಿನ ಪಂಪು, ತಡವಾಗಿ ಡೀಸೆಲ್ ಚಿಮ್ಮಿಸುವ ಟೈಮಿಂಗ್, ಬಲಗುಂದಿದ ಸ್ಪ್ರಿಂಗ್, ಮಿತಿಮೀರಿದ ಹೊರೆ. ಬಿಸಿ ಏರುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ಅಭ್ಯಾಸ ನಮ್ಮಲ್ಲಿದೆ. ಅದರಿಂದ ಕಟ್ಟಿದ ರೇಡಿಯೇಟರ್ ಶುದ್ಧವಾಗುವುದಿಲ್ಲ. ಆಷಾಢದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಜೀಪಿನಲ್ಲಿ ತೆರೆದೇ ಉಳಿದ ವಾಲ್ವಿನ ಸೀಟಿಗೆ ತುಕ್ಕು ಹಿಡಿಯುವುದೂ ಉಂಟು. ವಾರಕ್ಕೊಮ್ಮೆ ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿದರೆ ಅದು ತಪ್ಪುತ್ತದೆ.

ಹೆಡ್ ಕೂರಿಸುವಾಗ ನಟ್ಟುಗಳ ಕ್ರಮ ನಡುವಿನಿಂದ ಹೊರಕ್ಕೆ. ಐನೂರು ಕಿಲೋಮೀಟರ್ ಓಡಿದ ಮೇಲೆ ಸಂದಿಯನ್ನು ಇನ್ನೊಮ್ಮೆ ಅಳೆಯಬೇಕು, ಏಕೆಂದರೆ ಹೊಸ ಸೀಟ್ ಮೊದಲ ದಿನಗಳಲ್ಲಿ ತುಸು ಹುದುಗಿಯೇ ಹುದುಗುತ್ತದೆ. ತೆಗೆದ ಹಳೆಯ ವಾಲ್ವಿನ ಕಾಂಡ ನೆಟ್ಟಗಿದ್ದರೆ ಕತ್ತರಿಸಿ ಪಿನ್ನು ಹೊಡೆಯುವ ಕಡ್ಡಿ ಮಾಡಿಕೊಳ್ಳಬಹುದು. ಜೀಪಿನದಾದರೆ ತೊಂದರೆಯಿಲ್ಲ. ಆದರೆ ಕೆಲವು ದೊಡ್ಡ ಎಂಜಿನ್ನುಗಳ ಕಾಂಡ ಟೊಳ್ಳಾಗಿದ್ದು, ಬಿಸಿಯನ್ನು ಬೇಗ ಸಾಗಿಸಲೆಂದು ಒಳಗೆ ಸೋಡಿಯಂ ತುಂಬಿರುತ್ತದೆ. 1927ರಲ್ಲಿ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನದ ಎಂಜಿನ್ನಿನಲ್ಲೂ ಅಂಥವೇ ಇದ್ದವು. ನೀರು ತಗುಲಿದರೆ ಸೋಡಿಯಂ ಹೊತ್ತಿಕೊಳ್ಳುತ್ತದೆ. ಗುರುತು ಸಿಗದ ವಾಲ್ವಿಗೆ ಗರಗಸ ಹಾಕಬಾರದು.