ಉತ್ತರ ಬಚ್ಚಿಡುವ ಮೇಷ್ಟ್ರು

ಒಬ್ಬ ವಿದ್ಯಾರ್ಥಿಗೆ ಒಬ್ಬರೇ ಮೇಷ್ಟ್ರು ಇದ್ದರೆ ಕಲಿಕೆ ಎಷ್ಟು ಸುಧಾರಿಸುತ್ತದೆ? ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಕೊಟ್ಟ ಲೆಕ್ಕ ಬೆರಗು ಹುಟ್ಟಿಸುವಂಥದ್ದು: ಹಾಗೆ ಕಲಿತ ಸಾಧಾರಣ ವಿದ್ಯಾರ್ಥಿಯೂ ಮಾಮೂಲಿ ತರಗತಿಯ ನೂರರಲ್ಲಿ 98 ಮಂದಿಗಿಂತ ಮುಂದಿರುತ್ತಾನೆ. ಆಮೇಲಿನ ಅಧ್ಯಯನಗಳಲ್ಲಿ ಲಾಭ ಇಷ್ಟು ದೊಡ್ಡದಾಗಿ ಕಾಣಲಿಲ್ಲವಾದರೂ ಇತ್ತೆಂಬುದು ಖಚಿತವಾಯಿತು. ಆದರೆ ತಲೆಗೊಬ್ಬ ಮೇಷ್ಟ್ರನ್ನು ಯಾವ ಕಾಲೇಜು ಸಾಕೀತು? ಆ ಜಾಗಕ್ಕೀಗ ಕೃತಕ ಬುದ್ಧಿಮತ್ತೆ (ಎಐ) ಬಂದು ಕೂತಿದೆ.

2023ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಯೊಂದರ 194 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದರು. ಮೇಲ್ಮೈ ಎಳೆತ ಮತ್ತು ದ್ರವಗಳ ಹರಿವು, ಇವೆರಡು ಪಾಠಗಳು. ಒಂದು ವಾರ ಒಂದು ಗುಂಪು ತರಗತಿಯಲ್ಲಿ ಚರ್ಚಿಸುತ್ತ, ಲೆಕ್ಕ ಮಾಡುತ್ತ ಕಲಿತರೆ ಇನ್ನೊಂದು ಮನೆಯಲ್ಲೇ ಎಐ ಮೇಷ್ಟ್ರ ಬಳಿ ಕಲಿಯಿತು, ಮರುವಾರ ಅದಲುಬದಲು. ಎಐ ಬಳಿ ಕಲಿತವರ ಅಂಕಗಳ ಏರಿಕೆ ತರಗತಿಯವರಿಗಿಂತ ಎರಡು ಪಟ್ಟಿಗೂ ಹೆಚ್ಚು. ತರಗತಿಗೆ ಒಂದು ಗಂಟೆ ಹಿಡಿದರೆ, ಇವರಲ್ಲಿ ಅರ್ಧದಷ್ಟು ಮಂದಿ 49 ನಿಮಿಷದೊಳಗೇ ಮುಗಿಸಿದ್ದರು.

ಈ ಫಲಿತಾಂಶದ ಹಿಂದೆ ಅಧ್ಯಾಪಕರ ಕೈಚಳಕವಿತ್ತು. ಇಂಥ ಎಐ ಹಿಂದಿರುವ ಭಾಷಾ ಮಾದರಿಗಳು ಮುಂದಿನ ಪದವನ್ನು ಊಹಿಸುತ್ತ ಸಾಗುತ್ತವೆ. ಹಾಗಾಗಿ ತಪ್ಪು ಲೆಕ್ಕವನ್ನೂ ನಯವಾಗಿ ಒಪ್ಪಿಸಬಲ್ಲವು. ಇದನ್ನು ತಪ್ಪಿಸಲು ಅಧ್ಯಾಪಕರು ಪ್ರತಿ ಪ್ರಶ್ನೆಯ ಪೂರ್ತಿ ಪರಿಹಾರವನ್ನು ಮೊದಲೇ ಬರೆದು ಎಐ ಮೇಷ್ಟ್ರಿಗೆ ಉಣಿಸಿದ್ದರು. ಒಮ್ಮೆಗೆ ಒಂದೇ ಹೆಜ್ಜೆ ಹೇಳು, ವಿದ್ಯಾರ್ಥಿ ತಾನೇ ಯೋಚಿಸಲಿ ಎಂದು ಕಟ್ಟುಪಾಡು ವಿಧಿಸಿದ್ದರು. ಇಡೀ ತರಗತಿಯ ನಡುವೆ ಕೈಯೆತ್ತಲು ಅಂಜುವವನು ಇಲ್ಲಿ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಬಹುದಿತ್ತು.

ಕಟ್ಟುಪಾಡು ಇಲ್ಲದಿದ್ದರೆ? ಟರ್ಕಿಯ ಸುಮಾರು ಸಾವಿರ ಪ್ರೌಢಶಾಲಾ ಮಕ್ಕಳ ಮೇಲೆ ನಡೆದ ಗಣಿತದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಕೇಳಿದ್ದನ್ನೆಲ್ಲ ಹೇಳಿಬಿಡುವ ಚಾಟ್‌ಬಾಟ್ ಪಡೆದ ಮಕ್ಕಳು ಅಭ್ಯಾಸದ ಲೆಕ್ಕಗಳಲ್ಲಿ ಎಐ ಇಲ್ಲದವರಿಗಿಂತ ಶೇ 48ರಷ್ಟು ಹೆಚ್ಚು ಅಂಕ ಗಳಿಸಿದರು. ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಎಐ ಮುಟ್ಟದೇ ಓದಿದವರಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಅವರಿಗೆ ಅದು ಪರೀಕ್ಷೆಗೆ ಮುಂಚಿನ ಗೈಡು ಪುಸ್ತಕವಾಗಿತ್ತು, ಅಷ್ಟೆ. ಸುಳಿವು ಮಾತ್ರ ಕೊಡುವ ಚಾಟ್‌ಬಾಟ್ ಬಳಸಿದವರಿಗೆ ಈ ನಷ್ಟ ಆಗಲಿಲ್ಲ. ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಲಾಭವೂ ಆಗಲಿಲ್ಲ.

ಓದಿದ್ದನ್ನು ನೆನಪಿನಿಂದ ಹೆಕ್ಕಿ ತೆಗೆಯಲು ತಿಣುಕಿದಾಗಲೇ ಅದು ಗಟ್ಟಿಯಾಗುತ್ತದೆ ಎಂದು ಮನೋವಿಜ್ಞಾನಿಗಳು ಎಂದೋ ತೋರಿಸಿದ್ದಾರೆ. ಸಿದ್ಧ ಉತ್ತರ ಆ ತಿಣುಕಾಟವನ್ನೇ ನುಂಗುತ್ತದೆ. ಹಾರ್ವರ್ಡ್ ಪ್ರಯೋಗಕ್ಕೂ ಮಿತಿಗಳಿವೆ: ವಿಷಯ ಎರಡೇ, ಪರೀಕ್ಷೆ ನಡೆದದ್ದು ಪಾಠ ಮುಗಿದೊಡನೆ. ಕಲಿತದ್ದು ಸೆಮಿಸ್ಟರ್ ಕೊನೆಯವರೆಗೆ ಉಳಿಯುತ್ತದೆಯೇ ಎಂಬುದನ್ನು ಅದು ಅಳೆಯಲಿಲ್ಲ.

ಕೈಯಲ್ಲಿರುವ ಸಾಮಾನ್ಯ ಚಾಟ್‌ಬಾಟನ್ನೂ ಮೇಷ್ಟ್ರನ್ನಾಗಿಸಿಕೊಳ್ಳಬಹುದು. ಮೊದಲು ನಿಮ್ಮ ಪ್ರಯತ್ನವನ್ನು ಬರೆದು ಹಾಕಿ. ಎಲ್ಲಿ ಎಡವಿದೆ ಎಂದಷ್ಟೇ ಕೇಳಿ, ಉತ್ತರ ಬೇಡವೆನ್ನಿ. ಅದು ಹೇಳಿದ್ದನ್ನು ಪಠ್ಯದ ಜೊತೆ ತಾಳೆ ನೋಡಿ. ಬಳಿಕ ಫೋನ್ ಬದಿಗಿಟ್ಟು ಅದೇ ಬಗೆಯ ಇನ್ನೊಂದು ಲೆಕ್ಕ ಬಿಡಿಸಿ. ಅದು ಬಗೆಹರಿಯದಿದ್ದರೆ ಪಾಠ ಇನ್ನೂ ನಿಮ್ಮದಾಗಿಲ್ಲ.